ಬ್ಯಾಂಡ್‌ಗೆ ಟ್ರ್ಯಾಕ್ ಪ್ಲೇಯರ್: ಮೊದಲು ಔಟ್‌ಪುಟ್ ಎಣಿಸಿ, ಆಮೇಲೆ ದುಡ್ಡು

ಪ್ರಶ್ನೆ: ನಮ್ಮದು ಮಂಡ್ಯದ ಆರು ಜನರ ಆರ್ಕೆಸ್ಟ್ರಾ ತಂಡ. ಇಬ್ಬರು ಹಾಡುವವರು, ಕೀಬೋರ್ಡ್, ಗಿಟಾರ್, ಡ್ರಮ್ಸ್, ಜೊತೆಗೆ ನಾನು ರಿದಂ ಪ್ಯಾಡ್. ಮದುವೆ ರಿಸೆಪ್ಷನ್, ಗಣೇಶನ ಹಬ್ಬ, ರಾಜ್ಯೋತ್ಸವದ ಕಾರ್ಯಕ್ರಮ ಮಾಡುತ್ತೇವೆ. ಪಿಟೀಲು, ಕೊಳಲು, ಕೋರಸ್ ಎಲ್ಲ ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್‌ನಲ್ಲಿ ಇರುತ್ತದೆ. ಅದನ್ನು ನನ್ನ ಫೋನ್‌ನಿಂದ ಮಿಕ್ಸರ್‌ಗೆ ಕೊಡುತ್ತೇವೆ. ಈಚೆಗೆ ಒಂದು ರಿಸೆಪ್ಷನ್‌ನಲ್ಲಿ ಹಾಡಿನ ಮಧ್ಯೆ ನನಗೆ ಕಾಲ್ ಬಂತು. ಟ್ರ್ಯಾಕ್ ನಿಂತು, ರಿಂಗ್‌ಟೋನ್ ಇಡೀ ಛತ್ರಕ್ಕೆ ಕೇಳಿಸಿತು. ಅದಲ್ಲದೆ ಎರಡನೇ ಚರಣದ ಹೊತ್ತಿಗೆ ಡ್ರಮ್ಮರ್ ಒಂದು ಕಡೆ, ಟ್ರ್ಯಾಕ್ ಒಂದು ಕಡೆ ಆಗುತ್ತದೆ. ಕೆಲವು ಸ್ಟೇಜ್‌ನಲ್ಲಿ ಟ್ರ್ಯಾಕ್‌ನ ಕೊಳಲು ಕೇಳಿಸುವುದೇ ಇಲ್ಲ, ಬೇಸ್ ತೆಳ್ಳಗಾಗುತ್ತದೆ. ಇನ್ನೊಂದು ಸ್ಟೇಜ್‌ನಲ್ಲಿ ಅದೇ ಟ್ರ್ಯಾಕ್ ಸರಿಯಾಗಿರುತ್ತದೆ. ಅಂಗಡಿಯವರು ಹೈ-ರೆಸ್ ಪ್ಲೇಯರ್ ತಗೊಳ್ಳಿ ಅಂತಾರೆ. ಸೌಂಡ್‌ನವರು ಪೆನ್‌ಡ್ರೈವ್ ಕೊಡಿ ಸಾಕು ಅಂತಾರೆ. ಸ್ನೇಹಿತರು ಲ್ಯಾಪ್‌ಟಾಪ್ ಅಂತಾರೆ. ಎಂಪಿ3 ಹಾಕುವುದರಿಂದಲೇ ಲಯ ತಪ್ಪುತ್ತದೆ ಅಂತಲೂ ಒಬ್ಬರು ಹೇಳಿದರು. ನಮ್ಮ ಕೈಯಲ್ಲಿ 25 ಸಾವಿರ ಇದೆ. ಏನು ತಗೊಳ್ಳೋದು?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆ. ಆದರೆ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಹಾಡಿನ ಮಧ್ಯೆ ಕಾಲ್ ಬಂದದ್ದು, ಡ್ರಮ್ಮರ್ ಲಯ ಜಾರುವುದು, ಕೊಳಲು ಮಾಯವಾಗುವುದು. ಮೊದಲನೆಯದಕ್ಕೆ ಮಾತ್ರ ಪ್ಲೇಯರ್ ಕಾರಣ. ಒಂದು ಲಕ್ಷದ ಪ್ಲೇಯರ್ ತಂದರೂ ಉಳಿದ ಎರಡು ಹಾಗೇ ಇರುತ್ತವೆ. ಮೈಸೂರು, ಮಂಡ್ಯ ಕಡೆಯ ಸ್ಟೇಜ್‌ಗಳಿಗೆ ಸೌಂಡ್ ಮಾಡುವ ನನ್ನ ಹತ್ತಿರ ಇದೇ ಮೂರು ದೂರು ಬೇರೆ ತಂಡಗಳಿಂದಲೂ ಬರುತ್ತವೆ. ಆದ್ದರಿಂದ ದುಡ್ಡಿನ ಮಾತು ಸ್ವಲ್ಪ ಆಮೇಲೆ ಆಡೋಣ.

ಕೊಳಲಿನಿಂದ ಶುರು ಮಾಡುತ್ತೇನೆ. ಅದು ಸರಿಹೋಗಲು ಒಂದು ಕೇಬಲ್ ಸಾಕು.

ಫೋನ್‌ನ ಹೆಡ್‌ಫೋನ್ ಜಾಕ್‌ನಿಂದ ಎಡ, ಬಲ ಅಂತ ಎರಡು ಸಿಗ್ನಲ್ ಬರುತ್ತವೆ. ಎರಡೂ ತುದಿಗೆ ಸ್ಟೀರಿಯೊ ಪಿನ್ ಇರುವ ಕೇಬಲ್ ಹಾಕಿ, ಮಿಕ್ಸರ್‌ನ ಒಂದೇ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಏನಾಗುತ್ತದೆ? ಆ ಇನ್‌ಪುಟ್ ಸಾಮಾನ್ಯವಾಗಿ ಬ್ಯಾಲೆನ್ಸ್ಡ್ ಆಗಿರುತ್ತದೆ. ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಅದು ತೆಗೆದುಕೊಳ್ಳುತ್ತದೆ. ಅಂದರೆ ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಕಡೆ ಸಮನಾಗಿರುವುದು ಸೊನ್ನೆಯಾಗಿಬಿಡುತ್ತದೆ. ಟ್ರ್ಯಾಕ್‌ನಲ್ಲಿ ನಟ್ಟ ನಡುವೆ ಕೂತಿರುವುದು ಯಾವುದು? ಒಂಟಿ ಕೊಳಲು, ಬೇಸ್, ಕಿಕ್. ಅವೇ ಮಾಯ. ಪಿಟೀಲು, ಕೋರಸ್ ಎರಡೂ ಕಡೆಗೆ ಹರಡಿರುತ್ತವೆ, ಹಾಗಾಗಿ ಉಳಿಯುತ್ತವೆ. ಒಂದು ಸ್ಟೇಜ್‌ನಲ್ಲಿ ಸರಿ, ಇನ್ನೊಂದರಲ್ಲಿ ಇಲ್ಲ ಅನ್ನುವುದಕ್ಕೆ ಕಾರಣ ಬಹುತೇಕ ಆಯಾ ಸೌಂಡ್‌ನವರ ಡಬ್ಬದಲ್ಲಿ ಸಿಕ್ಕ ಕೇಬಲ್. 3.5 ಎಂಎಂ ಸ್ಟೀರಿಯೊ ಪಿನ್‌ನಿಂದ ಎರಡು ದೊಡ್ಡ ಮೊನೊ ಪಿನ್‌ಗೆ ಒಡೆಯುವ ಕೇಬಲ್ ಒಂದನ್ನು ನೀವೇ ತಗೊಳ್ಳಿ. ಒಂದಲ್ಲ, ಎರಡು ತಗೊಳ್ಳಿ. ಬೇರೆಯವರ ಕೇಬಲ್ ನಂಬಿಕೊಂಡು ಹೋಗಬೇಡಿ.

ಇನ್ನು ಡ್ರಮ್ಮರ್ ವಿಷಯ. ಇಲ್ಲಿ ಅವರ ಕೈ ಮೇಲೆ ತಪ್ಪು ಹೊರಿಸುವ ಮುಂಚೆ ಅವರು ಎಲ್ಲಿ ಕೂತಿದ್ದಾರೆ, ಟ್ರ್ಯಾಕ್ ಅವರಿಗೆ ಎಲ್ಲಿಂದ ಕೇಳಿಸುತ್ತಿದೆ ನೋಡಿ. ಮುಂದಿನ ದೊಡ್ಡ ಸ್ಪೀಕರ್‌ಗಳು ಜನರ ಕಡೆ ಮುಖ ಮಾಡಿರುತ್ತವೆ. ಅವುಗಳ ಹಿಂದೆ ಕೂತವರಿಗೆ ಬರೀ ಗುಮ್ ಅನ್ನುವ ಬೇಸ್ ಕೇಳಿಸುತ್ತದೆ. ಬೀಟ್ ಗುರುತಿಸಲು ಬೇಕಾದ ಚೂಪಾದ ಸದ್ದು ಮುಂದಕ್ಕೆ ಹೋಗಿ, ಛತ್ರದ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಸದ್ದು ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಗೋಡೆ 15 ಮೀಟರ್ ದೂರ ಇದ್ದರೆ ಹೋಗಿ ಬರಲು 30 ಮೀಟರ್, ಅಂದರೆ ಸುಮಾರು 90 ಮಿಲಿಸೆಕೆಂಡ್. 120ರ ಟೆಂಪೊದಲ್ಲಿ ಒಂದು ಬೀಟ್ 500 ಮಿಲಿಸೆಕೆಂಡ್, ಅದರ ಕಾಲು ಭಾಗ 125. ಅಂದಮೇಲೆ 90 ಎಷ್ಟು ದೊಡ್ಡದು ನೋಡಿ. ಅವರು ಕೇಳಿದ್ದಕ್ಕೆ ಸರಿಯಾಗಿಯೇ ನುಡಿಸುತ್ತಿರುತ್ತಾರೆ. ಕೇಳಿದ್ದೇ ತಡವಾಗಿ ಬಂದದ್ದು. ಹಾಡುವವರಿಗೆ ಪಕ್ಕದ ಮಾನಿಟರ್‌ನಿಂದ, ಅಂದರೆ ಅವರ ಕಡೆಗೇ ತಿರುಗಿಸಿದ ಸ್ಪೀಕರ್‌ನಿಂದ, ಟ್ರ್ಯಾಕ್ ಬೇಗ ಕೇಳಿಸುತ್ತದೆ. ಹೀಗೆ ತಂಡ ಎರಡು ಪಾಲಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಹಳೆಯ ಚಿತ್ರಗೀತೆಗಳನ್ನು ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿ ರೆಕಾರ್ಡ್ ಮಾಡುತ್ತಿದ್ದರು. ಕ್ಲಿಕ್, ಅಂದರೆ ಲಯ ತೋರಿಸುವ ಟಿಕ್ ಟಿಕ್ ಸದ್ದು, ಇರಲಿಲ್ಲ. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ವೇಗ ತುಸು ಏರುತ್ತದೆ, ಇಳಿಯುತ್ತದೆ. ಆ ಮೂಲದಿಂದಲೇ ತೆಗೆದ ಕರೋಕೆ ಟ್ರ್ಯಾಕ್‌ನಲ್ಲೂ ಅದು ಹಾಗೇ ಇರುತ್ತದೆ. ನಿಮ್ಮ ಡ್ರಮ್ಮರ್ ಗಡಿಯಾರದಂತೆ ಸರಿಯಾಗಿ ನುಡಿಸಿದರೆ ಆಗಲೂ ಬೇರೆ ಬೇರೆ ಆಗುತ್ತದೆ. ಅಂಥ ಹಾಡುಗಳನ್ನು ನಿಮ್ಮ ಕೀಬೋರ್ಡ್‌ನವರಿಂದ ಹೊಸದಾಗಿ, ಒಂದೇ ಟೆಂಪೊದಲ್ಲಿ ಮಾಡಿಸುವುದು ಒಳ್ಳೆಯದು. ಆಗ ಗಾಯಕಿಗೆ ಬೇಕಾದ ಸ್ಕೇಲ್‌ನಲ್ಲೇ ಮಾಡಿಕೊಳ್ಳಬಹುದು.

ದಸರಾ ಸಮಯದಲ್ಲಿ ಮೈಸೂರು ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ನೋಡಿರುತ್ತೀರಿ. ಅಷ್ಟೊಂದು ಜನ ಒಟ್ಟಿಗೆ ನಡೆಯುವುದು ಎಲ್ಲರ ಕಣ್ಣೂ ನಡೆಸುವವರ ಕೈ ಮೇಲೆ ಇರುವುದರಿಂದ. ಟ್ರ್ಯಾಕ್ ಜೊತೆ ನುಡಿಸುವಾಗ ಆ ಕೈ ಕ್ಲಿಕ್. ಡ್ರಮ್ಮರ್ ಕಿವಿಗೆ ಕ್ಲಿಕ್ ಬರಬೇಕು, ಜನರಿಗೆ ಅದು ಕೇಳಿಸಬಾರದು. ಈ ಒಂದು ಮಾತಿನ ಮೇಲೆ ನಿಮ್ಮ ಪ್ಲೇಯರ್ ಆಯ್ಕೆ ಪೂರ್ತಿ ನಿಂತಿದೆ. ಯಾವ ಕಂಪನಿ, ಎಷ್ಟು ಬಿಟ್ ಅಂತ ಕೇಳುವ ಮುಂಚೆ, ಅದರಿಂದ ಎಷ್ಟು ಬೇರೆ ಬೇರೆ ಸದ್ದು ಹೊರಗೆ ತರಬಹುದು ಅಂತ ಕೇಳಿ.

ಈಗ ನಿಮಗೆ ಸಿಕ್ಕ ಸಲಹೆಗಳನ್ನು ನೋಡೋಣ.

ಎಂಪಿ3ಯಿಂದ ಲಯ ತಪ್ಪುತ್ತದೆ ಅನ್ನುವುದು ನಿಜವಲ್ಲ. ಎಂಪಿ3 ಮಾಡುವಾಗ ಶುರುವಿನಲ್ಲಿ ಹತ್ತಾರು ಮಿಲಿಸೆಕೆಂಡ್ ಖಾಲಿ ಜಾಗ ಸೇರಿಕೊಳ್ಳುತ್ತದೆ, ಅಷ್ಟೇ. ಆಮೇಲೆ ಹಾಡು ತನ್ನ ವೇಗದಲ್ಲೇ ಓಡುತ್ತದೆ. ಆದರೂ ನಾನು ಸದ್ದನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಬಳಸಿ ಅನ್ನುತ್ತೇನೆ. ಕಾರಣ ಬೇರೆ. ಕ್ಲಿಕ್ ಎಡಕ್ಕೆ, ಟ್ರ್ಯಾಕ್ ಬಲಕ್ಕೆ ಹಾಕಿದಾಗ ಕಡಿಮೆ ಬಿಟ್‌ರೇಟ್‌ನ, ಅಂದರೆ ತೀರಾ ಕುಗ್ಗಿಸಿದ, ಎಂಪಿ3ಯಲ್ಲಿ ಎಡದ್ದು ಸ್ವಲ್ಪ ಬಲಕ್ಕೂ ಸೋರಬಹುದು. ಜಾಗ ಉಳಿಸಲು ಅದು ಎರಡನ್ನೂ ಸೇರಿಸಿ ಲೆಕ್ಕ ಹಾಕುವುದೇ ಇದಕ್ಕೆ ಕಾರಣ. ವೇವ್‌ನಲ್ಲಿ ಆ ಸಮಸ್ಯೆ ಇಲ್ಲ. ಸಿಡಿ ಗುಣಮಟ್ಟದ ಸ್ಟೀರಿಯೊ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ. ಐದು ನಿಮಿಷದ ಹಾಡಿಗೆ 50 ಎಂಬಿ. ಈಗಿನ ಕಾಲಕ್ಕೆ ಅದು ಏನೂ ಅಲ್ಲ. ಯೂಟ್ಯೂಬ್‌ನಿಂದ ಇಳಿಸಿದ್ದನ್ನು ವೇವ್ ಮಾಡಿದರೆ ಸದ್ದು ಮಾತ್ರ ಉತ್ತಮವಾಗುವುದಿಲ್ಲ. ಹೋದದ್ದು ಹೋಯಿತು.

ಒಂದೇ ಒಂದು ಸಂದರ್ಭದಲ್ಲಿ ಫೈಲ್‌ನಿಂದ ವೇಗ ನಿಜವಾಗಿಯೂ ಬದಲಾಗಬಹುದು. 44.1 ಕಿಲೋಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದಿಟ್ಟ, ಫೈಲ್ ಅನ್ನು ಯಾವುದಾದರೂ ಸಾಧನ 48 ಅಂದುಕೊಂಡು ನುಡಿಸಿದರೆ ಹಾಡು ಸುಮಾರು ಶೇಕಡ 9ರಷ್ಟು ಬೇಗ ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಫೋನ್‌ನಲ್ಲಿ ಹೀಗಾಗುವುದು ಅಪರೂಪ. ಸ್ಟೇಜ್‌ಗೆಂದೇ ಮಾಡಿದ ಕೆಲವು ಸಾಧನಗಳಲ್ಲಿ ನೋಡಿಕೊಳ್ಳಬೇಕು. ಎಲ್ಲ ಹಾಡನ್ನೂ 44.1, 16 ಬಿಟ್‌ಗೆ ಮಾಡಿ ಇಟ್ಟುಬಿಡಿ.

ಹೈ-ರೆಸ್ ಪ್ಲೇಯರ್ ಬೇಡ. ಸಿಡಿಯ 16 ಬಿಟ್‌ಗಿಂತ ಸೂಕ್ಷ್ಮವಾದ ಫೈಲ್ ನುಡಿಸುವುದೇ ಅದರ ಹೆಗ್ಗಳಿಕೆ. 16 ಬಿಟ್‌ನಲ್ಲೇ ಸುಮಾರು 96 ಡೆಸಿಬೆಲ್ ವ್ಯಾಪ್ತಿ ಇದೆ. ಊಟದ ಹಾಲ್ ಪಕ್ಕದಲ್ಲಿ, ಜನರೇಟರ್ ಓಡುತ್ತಾ, ಮಕ್ಕಳು ಕೂಗಾಡುವ ಕಡೆ ಅದಕ್ಕಿಂತ ಜಾಸ್ತಿ ಯಾರಿಗೂ ಕೇಳಿಸುವುದಿಲ್ಲ. ಅದು ಒಳ್ಳೆಯ ವಸ್ತುವೇ. ಆದರೆ ಕೋಣೆಯಲ್ಲಿ ಕೂತು ಹೆಡ್‌ಫೋನ್ ಹಾಕಿ ಕೇಳುವವರಿಗಾಗಿ ಮಾಡಿದ್ದು. ಸಣ್ಣ ಬಟನ್, ಒಂದು ಹಾಡು ಮುಗಿದರೆ ತಾನೇ ಮುಂದಿನದಕ್ಕೆ ಹೋಗುವ ಅಭ್ಯಾಸ, ಹೊರಗೆ ಬರುವುದು ಅದೇ ಎಡ ಬಲ ಎರಡೇ. ನಿಮ್ಮ ಫೋನ್ ಕೊಡುವುದಕ್ಕಿಂತ ಒಂದು ಔಟ್‌ಪುಟ್ ಕೂಡ ಜಾಸ್ತಿ ಇಲ್ಲ.

ಮಿಕ್ಸರ್‌ನ ಯುಎಸ್‌ಬಿ ಪ್ಲೇಯರ್ ಊಟದ ಹೊತ್ತಿನ ಹಾಡಿಗೆ ಸರಿ. ಕಾರ್ಯಕ್ರಮಕ್ಕೆ ಬೇಡ. ಪ್ಲೇ ಒತ್ತುವ ಕೈ ನಿಮ್ಮದಾಗಿರುವುದಿಲ್ಲ, ಅದೇ ದೊಡ್ಡ ತೊಂದರೆ. ಅಂಥ ಪ್ಲೇಯರ್‌ಗಳಲ್ಲಿ ಹಲವು ಹಾಡು ಮುಗಿದ ಕೂಡಲೇ ಮುಂದಿನದನ್ನು ಶುರು ಮಾಡುತ್ತವೆ. ನಿರೂಪಕರು ಮಾತಾಡುತ್ತಿರುವಾಗ ಪಿಟೀಲು ಎದ್ದುಬಿಡುತ್ತದೆ. ಫೈಲ್‌ಗಳು ಹೆಸರಿನ ಕ್ರಮದಲ್ಲಿ ಬರದೆ ನೀವು ಕಾಪಿ ಮಾಡಿದ ಕ್ರಮದಲ್ಲಿ ಬರಬಹುದು. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾದರೆ ಎಲ್ಲ ಮೊದಲಿಂದ. ಕ್ಲಿಕ್ ಅಂತೂ ಬೇರೆ ಮಾಡಲು ಆಗುವುದಿಲ್ಲ.

ಬ್ಲೂಟೂತ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅದರಲ್ಲಿ ಸದ್ದು ತಡವಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಟ್ರ್ಯಾಕ್ ಪೂರ್ತಿ ಬ್ಲೂಟೂತ್‌ನಲ್ಲೇ ಹೋದರೆ ಆ ತಡ ಲಯಕ್ಕೆ ಅಡ್ಡಿ ಮಾಡುವುದಿಲ್ಲ. ಎಲ್ಲರೂ ತಡವಾಗಿ ಬಂದ ಸದ್ದಿಗೇ ನುಡಿಸುತ್ತಾರೆ. ಅಪಾಯ ಇರುವುದು ಬೇರೆ ಕಡೆ. ಸಾವಿರ ಫೋನ್ ಇರುವ ಜಾಗದಲ್ಲಿ ಸಂಪರ್ಕ ಕಡಿದುಹೋಗಬಹುದು. ಟ್ರ್ಯಾಕ್ ಕೇಬಲ್‌ನಲ್ಲಿ ಕೊಟ್ಟು, ಕ್ಲಿಕ್ ಮಾತ್ರ ಡ್ರಮ್ಮರ್‌ಗೆ ಬ್ಲೂಟೂತ್ ಇಯರ್‌ಬಡ್‌ನಲ್ಲಿ ಕೊಟ್ಟರೆ ಅಂತೂ ಕೆಲಸ ಕೆಟ್ಟಿತು. ಡ್ರಮ್ಮರ್ ತಮ್ಮ ಫೋನ್‌ನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು, ನೀವು ಪ್ಲೇ ಒತ್ತುವಾಗ ಅವರೂ ಒತ್ತುವುದು ಕೂಡ ಬೇಡ. ಎರಡು ಬೆರಳು ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ಕ್ಲಿಕ್ ಮತ್ತು ಟ್ರ್ಯಾಕ್ ಒಂದೇ ಫೈಲ್‌ನಲ್ಲಿ ಇರಬೇಕು.

ಹಾಗಾದರೆ ನಿಮಗೆ ನಾನು ಹೇಳುವುದು ಇದು. ಹೆಡ್‌ಫೋನ್ ಜಾಕ್ ಇರುವ ಒಂದು ಹಳೆಯ ಫೋನ್ ಹುಡುಕಿ. ಮನೆಯಲ್ಲೇ ಇರಬಹುದು. ಸಿಮ್ ತೆಗೆಯಿರಿ, ಎಲ್ಲ ಅಳಿಸಿ ಹೊಸದಾಗಿ ಮಾಡಿ, ಟ್ರ್ಯಾಕ್ ಬಿಟ್ಟು ಬೇರೆ ಏನೂ ಹಾಕಬೇಡಿ. ಏರೋಪ್ಲೇನ್ ಮೋಡ್‌ನಲ್ಲೇ ಸದಾ ಇರಲಿ. 2023ರಲ್ಲಿ ಸರ್ಕಾರದ ತುರ್ತು ಸಂದೇಶದ ಪರೀಕ್ಷೆ ನಡೆದಾಗ ಎಲ್ಲರ ಫೋನ್ ಒಟ್ಟಿಗೆ ಅರಚಿದ್ದು ನೆನಪಿರಬೇಕು, ಆ ಮೋಡ್‌ನಲ್ಲಿದ್ದರೆ ಅದೂ ಬರುವುದಿಲ್ಲ. ಆದರೆ ಅಲಾರಂ ಹೊಡೆಯುತ್ತದೆ! ಎಲ್ಲ ಅಲಾರಂ ತೆಗೆದುಬಿಡಿ. ಹಾಡು ಮುಗಿದ ಮೇಲೆ ತಾನೇ ನಿಲ್ಲುವಂಥ ಪ್ಲೇಯರ್ ಆ್ಯಪ್ ಹಾಕಿ.

ಈಗ ಕಂಪ್ಯೂಟರ್‌ನಲ್ಲಿ ಸದ್ದು ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ಪ್ರತಿ ಹಾಡನ್ನೂ ಹೀಗೆ ಮಾಡಿ: ಟ್ರ್ಯಾಕ್ ಪೂರ್ತಿ ಮೊನೊ ಮಾಡಿ ಬಲಕ್ಕೆ, ಕ್ಲಿಕ್ ಎಡಕ್ಕೆ. ಆಡಾಸಿಟಿ ಉಚಿತ, ಕ್ಲಿಕ್ ಅದರಲ್ಲೇ ತಯಾರಿಸಬಹುದು. ಶುರುವಿನಲ್ಲಿ ಎರಡು ಆವರ್ತ ಬರೀ ಕ್ಲಿಕ್ ಬಿಡಿ, ಡ್ರಮ್ಮರ್ ಅದನ್ನು ಕೇಳಿ ಸ್ಟಿಕ್‌ನಲ್ಲಿ ಎಲ್ಲರಿಗೂ ಕೌಂಟ್ ಕೊಡಲಿ. ಪಿಟೀಲು ಮಾತ್ರ ಇರುವ, ತಾಳ ಇಲ್ಲದ ಬಿಜಿಎಂ ಜಾಗದಲ್ಲೂ ಕ್ಲಿಕ್ ನಿಲ್ಲಿಸಬೇಡಿ. ಎಲ್ಲರೂ ಕಳೆದುಹೋಗುವುದು ಅಲ್ಲೇ. ಮೊನೊ ಆದರೆ ಸದ್ದು ಕೆಡುವುದಿಲ್ಲವೇ ಅಂದರೆ, ಛತ್ರದಲ್ಲಿ ಹೆಚ್ಚಿನವರು ಯಾವುದಾದರೂ ಒಂದು ಸ್ಪೀಕರ್‌ಗೆ ಹತ್ತಿರ ಕೂತಿರುತ್ತಾರೆ. ಸ್ಟೀರಿಯೊ ಅವರಿಗೆ ತಲುಪುವುದೇ ಕಷ್ಟ. ಸಣ್ಣ ಸ್ಟೇಜ್‌ಗೆ ನಾನು ಮೊನೊವನ್ನೇ ಇಷ್ಟಪಡುತ್ತೇನೆ.

ಫೋನ್‌ನಿಂದ ಬಲದ ಪಿನ್ ಒಂದು ಡಿಐ ಬಾಕ್ಸ್‌ಗೆ, ಅಂದರೆ ಸಿಗ್ನಲ್ ಅನ್ನು ಮಿಕ್ಸರ್‌ನ ಮೈಕ್ ಲೈನ್‌ಗೆ ಹೊಂದಿಸುವ ಚಿಕ್ಕ ಡಬ್ಬಕ್ಕೆ, ಅಲ್ಲಿಂದ ಸೌಂಡ್‌ನವರ ಮಿಕ್ಸರ್‌ಗೆ ಹೋಗಲಿ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಸಾಕು. ಅದು ಸೌಂಡ್‌ನವರ ಲೈನ್ ಮತ್ತು ನಿಮ್ಮ ಫೋನ್ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದಂತೆ ಮಾಡುತ್ತದೆ. ಗ್ರೌಂಡ್ ಲೂಪ್‌ನಿಂದ ಬರುವ ಗುಂಯ್ ಅನ್ನುವ ಹಮ್ ನಿಲ್ಲುತ್ತದೆ. ಮಿಕ್ಸರ್‌ನಲ್ಲಿ ಯಾರಾದರೂ ಮೈಕ್‌ಗೆ ಕೊಡುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತಿನ ಬಟನ್ ಒತ್ತಿದ್ದರೂ ಫೋನ್‌ಗೆ ತಾಗುವುದಿಲ್ಲ. ಡಿಐ ಮೇಲೆ ಥ್ರೂ ಅಥವಾ ಲಿಂಕ್ ಅಂತ ಇನ್ನೊಂದು ಜಾಕ್ ಇರುತ್ತದೆ. ಅಲ್ಲಿಂದ ಅದೇ ಟ್ರ್ಯಾಕ್ ಅನ್ನು ಒಂದು ಚಿಕ್ಕ ನಾಲ್ಕು ಚಾನೆಲ್ ಮಿಕ್ಸರ್‌ಗೆ ತನ್ನಿ. ಎಡದ ಪಿನ್, ಅಂದರೆ ಕ್ಲಿಕ್, ನೇರ ಅದೇ ಚಿಕ್ಕ ಮಿಕ್ಸರ್‌ಗೆ. ಅದರ ಹೆಡ್‌ಫೋನ್ ಔಟ್ ಡ್ರಮ್ಮರ್ ಕಿವಿಗೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಡಿ. ತೆರೆದದ್ದು ಕೊಟ್ಟರೆ ಡ್ರಮ್ಸ್ ಸದ್ದು ಮೀರಿಸಲು ಕ್ಲಿಕ್ ಜೋರು ಮಾಡುತ್ತಾ ಹೋಗುತ್ತಾರೆ. ಅದು ಕಿವಿಗೆ ನಿಜವಾಗಿಯೂ ಕೆಟ್ಟದ್ದು. ಫೋನ್ ಪ್ಯಾಡ್ ಪಕ್ಕದಲ್ಲಿ ನಿಮ್ಮ ಕೈಗೆ ಸಿಗುವ ಹಾಗೆ ಇರಲಿ. ಇಷ್ಟೂ ಸೇರಿ ನಿಮ್ಮ 25 ಸಾವಿರದೊಳಗೆ ಆಗುತ್ತದೆ, ದುಡ್ಡು ಉಳಿಯುತ್ತದೆ ಕೂಡ.

ಇದರ ಅಪಾಯವನ್ನೂ ತಿಳಿದಿರಿ. ಎಡ ಬಲ ಅದಲು ಬದಲಾದರೆ ಕ್ಲಿಕ್ ಇಡೀ ಊರಿಗೆ ಕೇಳಿಸುತ್ತದೆ. ಕೇಬಲ್ ತುದಿಗಳಿಗೆ ಬಣ್ಣದ ಟೇಪ್ ಸುತ್ತಿ. ಫೋನ್‌ನಲ್ಲಿ ಡಾಲ್ಬಿ, ಈಕ್ವಲೈಜರ್, ಸರೌಂಡ್, ಮೊನೊ ಆಡಿಯೊ ಯಾವುದೂ ಆನ್ ಇರಬಾರದು. ಇವುಗಳಲ್ಲಿ ಕೆಲವು ಎಡ ಬಲವನ್ನು ಬೆರೆಸುತ್ತವೆ. ಜಾಕ್ ಇಲ್ಲದ ಫೋನ್‌ಗೆ ಟೈಪ್-ಸಿ ಕನ್ವರ್ಟರ್ ಹಾಕುವುದಾದರೆ ಆ ಫೋನ್‌ಗೆ ಅದು ಹೊಂದುತ್ತದೆಯೇ ನೋಡಿ ತಗೊಳ್ಳಿ. ತೀರಾ ಅಗ್ಗದ್ದರಲ್ಲಿ ಒಂದು ಕಡೆಯದ್ದು ಇನ್ನೊಂದು ಕಡೆಗೆ ಸಣ್ಣಗೆ ಸೋರುತ್ತದೆ. ಪರೀಕ್ಷೆ ಸುಲಭ. ಎಡಕ್ಕೆ ಮಾತ್ರ ಕ್ಲಿಕ್ ಇದ್ದು, ಬಲ ಖಾಲಿ ಇರುವ ಫೈಲ್ ಹಾಕಿ, ಬಲದ ಲೈನ್ ಮಾತ್ರ ಸ್ಪೀಕರ್‌ಗೆ ಕೊಟ್ಟು ವಾಲ್ಯೂಮ್ ಏರಿಸಿ. ಟಿಕ್ ಟಿಕ್ ಕೇಳಿದರೆ ಆ ಕನ್ವರ್ಟರ್ ಬೇಡ. ಕಾರ್ಯಕ್ರಮದ ವೇಳೆ ಚಾರ್ಜರ್ ಚುಚ್ಚಬೇಡಿ, ಅದರಿಂದಲೂ ಸದ್ದು ಬರುತ್ತದೆ. ಬಯಲಿನ ಸ್ಟೇಜ್‌ನಲ್ಲಿ ಮಧ್ಯಾಹ್ನ ಸೌಂಡ್ ಚೆಕ್ ಮಾಡುವಾಗ ಫೋನ್ ಬಿಸಿಲಿಗೆ ಇಡಬೇಡಿ. ಬಿಸಿಯಾದರೆ ತಾನೇ ಆಫ್ ಆಗಬಹುದು.

ಲ್ಯಾಪ್‌ಟಾಪ್ ಯಾವಾಗ? ಟ್ರ್ಯಾಕ್ ಸ್ಟೀರಿಯೊ ಆಗಿಯೇ ಬೇಕು, ಕ್ಲಿಕ್ ಬೇರೆ, ಕೋರಸ್ ಬೇರೆ ಕೊಡಬೇಕು ಅಂದಾಗ. ದೊಡ್ಡ ಡಿಜಿಟಲ್ ಮಿಕ್ಸರ್ ಇರುವ ಸ್ಟೇಜ್‌ಗಳಲ್ಲಿ ಸೌಂಡ್‌ನವರು ಹೀಗೆ ಬೇರೆ ಬೇರೆ ಕೇಳುತ್ತಾರೆ. ಲ್ಯಾಪ್‌ಟಾಪ್ ಈಗಾಗಲೇ ಇದ್ದರೆ ನಾಲ್ಕು ಔಟ್‌ಪುಟ್‌ನ ಆಡಿಯೊ ಇಂಟರ್‌ಫೇಸ್, ಅಂದರೆ ಯುಎಸ್‌ಬಿಗೆ ಚುಚ್ಚಿ ಸದ್ದು ಹೊರಗೆ ತರುವ ಡಬ್ಬ, ಸೇರಿಸಬೇಕು. ಇಲ್ಲಿ ಜನ ತಪ್ಪಾಗಿ ಕೊಳ್ಳುತ್ತಾರೆ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಒಳ್ಳೆಯದೇ, ಆದರೆ ಅದರ ಹೆಡ್‌ಫೋನ್‌ನಲ್ಲಿ ಬರುವುದು ಹಿಂದಿನ ಎರಡು ಔಟ್‌ಪುಟ್‌ನ ನಕಲು. ಕ್ಲಿಕ್ ಬೇರೆ ಮಾಡಲು ಆಗುವುದಿಲ್ಲ. ಬೆಹ್ರಿಂಗರ್ ಯುಎಂಸಿ 204ಎಚ್‌ಡಿಯಲ್ಲಿ ನಾಲ್ಕು ಔಟ್‌ಪುಟ್ ಇವೆ, ಅದು ನಿಮ್ಮ ಬಜೆಟ್ ಒಳಗೇ ಬರುತ್ತದೆ. ರೀಪರ್ ಅಥವಾ ಏಬಲ್‌ಟನ್ ಲೈವ್ ಥರದ ಸಾಫ್ಟ್‌ವೇರ್ ಬೇಕು. ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತದೆ ಅನ್ನುವ ಭಯ ಪೂರ್ತಿ ಸುಳ್ಳಲ್ಲ. ಆದರೆ ಮನೆ ಮಂದಿಯೆಲ್ಲ ಬಳಸುವ ಲ್ಯಾಪ್‌ಟಾಪ್ ತಂದು, ವೈಫೈ ಆನ್ ಇಟ್ಟು, ಅಪ್‌ಡೇಟ್ ಬಾಕಿ ಉಳಿಸಿಕೊಂಡು ಸ್ಟೇಜ್ ಹತ್ತಿದರೆ ತಪ್ಪು ಯಂತ್ರದ್ದಲ್ಲ. ಟ್ರ್ಯಾಕ್‌ಗೆಂದೇ ಮೀಸಲಿಡಲು ಆಗದಿದ್ದರೆ ಲ್ಯಾಪ್‌ಟಾಪ್ ದಾರಿಗೆ ಹೋಗಬೇಡಿ.

ನಿಮ್ಮ ಪ್ಯಾಡ್ ಯಾವುದು ಅಂತ ಬರೆದಿಲ್ಲ. ರೋಲ್ಯಾಂಡ್ ಎಸ್‌ಪಿಡಿ-30 ಆದರೆ ಅದಕ್ಕೆ ಹೊರಗಿನ ವೇವ್ ಫೈಲ್ ಹಾಕಲು ಬರುವುದಿಲ್ಲ. ಎಸ್‌ಪಿಡಿ-ಎಸ್‌ಎಕ್ಸ್ ಆದರೆ ಬರುತ್ತದೆ. 2 ಜಿಬಿ ಮೆಮೊರಿಯ ಮಾದರಿಯಲ್ಲಿ ಸುಮಾರು ಮೂರು ಗಂಟೆಯ ಸ್ಟೀರಿಯೊ ಹಿಡಿಯುತ್ತದೆ, ಕ್ಲಿಕ್ ಅನ್ನು ಹೆಡ್‌ಫೋನ್‌ಗೆ ಮಾತ್ರ ಕಳಿಸಬಹುದು. ಸ್ಟಿಕ್‌ನಲ್ಲಿ ಹೊಡೆದರೆ ಹಾಡು ಶುರು, ಇನ್ನೊಮ್ಮೆ ಹೊಡೆದರೆ ನಿಲ್ಲುವ ಹಾಗೆ ಇಟ್ಟುಕೊಳ್ಳಬಹುದು. ಬ್ಯಾಂಡ್‌ಗೆ ಇದಕ್ಕಿಂತ ಸಹಜವಾದ ದಾರಿ ನನಗೆ ಕಂಡಿಲ್ಲ. ಆದರೆ 25 ಸಾವಿರಕ್ಕೆ ಹೊಸದು ಸಿಗುವುದಿಲ್ಲ. ಮುಂದೆ ಪ್ಯಾಡ್ ಬದಲಾಯಿಸುವ ಯೋಚನೆ ಇದ್ದರೆ ಈಗ ಖರ್ಚು ಕಡಿಮೆ ಮಾಡಿ, ಅದಕ್ಕೆ ದುಡ್ಡು ಕೂಡಿಸಿ. ಇವತ್ತು ಮಾಡಿದ ವೇವ್ ಫೈಲ್‌ಗಳು ಆಗಲೂ ಉಪಯೋಗಕ್ಕೆ ಬರುತ್ತವೆ.

ಯಾವುದೇ ತಗೊಳ್ಳಿ, ಹಾಡು ಬಿಟ್ಟು ಹಾರುವುದು ಸುಲಭ ಇರಬೇಕು. ರಾತ್ರಿ 10ಕ್ಕೆ ಮೈಕ್ ನಿಲ್ಲಿಸಬೇಕು ಅಂತ ನಿಯಮ ಇದೆಯಲ್ಲ, ಗಣೇಶನ ಪೆಂಡಾಲ್‌ನಲ್ಲಿ ಭಾಷಣ ಉದ್ದವಾದರೆ ಮೊದಲು ಕತ್ತರಿ ಬೀಳುವುದು ನಿಮ್ಮ ಪಟ್ಟಿಗೆ. ನಾಲ್ಕು ಹಾಡು ಬಿಟ್ಟು ಐದನೆಯದಕ್ಕೆ ಹೋಗಿ ಅಂದಾಗ ಹತ್ತು ಸೆಕೆಂಡ್‌ನಲ್ಲಿ ಹೋಗಲು ಆಗಬೇಕು. ಫೈಲ್ ಹೆಸರಿನ ಮುಂದೆ 01, 02 ಅಂತ ಸಂಖ್ಯೆ, ಜೊತೆಗೆ ಸ್ಕೇಲ್, ಟೆಂಪೊ ಬರೆಯಿರಿ.

ಉಳಿದ ದುಡ್ಡಿನಲ್ಲಿ ಅಂಥದ್ದೇ ಎರಡನೇ ಫೋನ್ ತಗೊಳ್ಳಿ. ಅದರಲ್ಲೂ ಅವೇ ಫೈಲ್‌ಗಳು, ಅದೇ ಕ್ರಮ. ಅದಕ್ಕೂ ಕೇಬಲ್ ಚುಚ್ಚಿ ಪಕ್ಕದಲ್ಲೇ ಸಿದ್ಧವಾಗಿಡಿ. ಇದರ ಜೊತೆ ತಂಡದವರು ಕೂತು ಒಂದು ಮಾತು ಮಾಡಿಕೊಳ್ಳಿ: ಹಾಡಿನ ಮಧ್ಯೆ ಟ್ರ್ಯಾಕ್ ನಿಂತರೆ ಯಾರೂ ನಿಲ್ಲಬಾರದು. ಡ್ರಮ್ಮರ್ ಲಯ ಹಿಡಿದಿರಲಿ, ಕೀಬೋರ್ಡ್‌ನವರು ಕಾರ್ಡ್ಸ್ ಹಿಡಿಯಲಿ, ಹಾಡುವವರು ಮುಂದುವರಿಸಲಿ. ಅದಕ್ಕೆ ಟ್ರ್ಯಾಕ್ ಮಾಡುವಾಗಲೇ ಎಚ್ಚರ ಬೇಕು. ನಿಮ್ಮಲ್ಲಿ ಯಾರಾದರೂ ನುಡಿಸಬಹುದಾದ್ದನ್ನು ಟ್ರ್ಯಾಕ್‌ಗೆ ಹಾಕಬೇಡಿ. ಕೀಬೋರ್ಡ್‌ನವರು ಕಾರ್ಡ್ಸ್ ಹಿಡಿಯುತ್ತಿದ್ದರೆ ಟ್ರ್ಯಾಕ್‌ನಲ್ಲಿ ಅದು ತೆಗೆಯಿರಿ. ಡ್ರಮ್ಸ್, ಬೇಸ್ ಟ್ರ್ಯಾಕ್‌ನಲ್ಲಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ರಿಹರ್ಸಲ್‌ನಲ್ಲಿ ಹೇಳದೆ ಕೇಳದೆ ಟ್ರ್ಯಾಕ್ ನಿಲ್ಲಿಸಿ ಅಭ್ಯಾಸ ಮಾಡಿ. ಮುಂದಿನ ಕಾರ್ಯಕ್ರಮಕ್ಕೆ ಎಲ್ಲ ಹಾಡೂ ಹೊಸ ರೀತಿಯಲ್ಲಿ ಬೇಡ. ಮೊದಲು ಮೂರು ಹಾಡು ಕ್ಲಿಕ್ ಹಾಕಿ ಮಾಡಿ ನೋಡಿ, ಡ್ರಮ್ಮರ್‌ಗೆ ಹೆಡ್‌ಫೋನ್ ಒಗ್ಗಲು ಸ್ವಲ್ಪ ಸಮಯ ಬೇಕಾಗುತ್ತದೆ.